ಹೆಕ್ಸ್ ಫೈಲ್ ಹಾಕಿದ್ರೆ ಲ್ಯಾಬ್ ಮುಗೀತಾ? ಡಿಬಗ್ಗರ್ ಜೋಡಿಸೋದನ್ನೂ ಕಲಿಸಿ

ಸಂಪಾದಕರಿಗೆ,

ಮಾನ್ಯರೇ, ನಿಮ್ಮ ಪತ್ರಿಕೇಲಿ ಮೊನ್ನೆ ಸೆಮಿಕಂಡಕ್ಟರ್ ಮತ್ತೆ ಎಂಬೆಡೆಡ್ (ಯಂತ್ರಗಳೊಳಗಿನ ಪುಟ್ಟ ಪ್ರೊಸೆಸರಿನ) ಕೆಲಸಗಳ ಬಗ್ಗೆ ಬಂದ ಲೇಖನ ಓದಿದೆ. ಯಾವ ಕೋರ್ಸ್ ಮಾಡ್ಬೇಕು, ಯಾವ ಲ್ಯಾಂಗ್ವೇಜ್ ಕಲೀಬೇಕು, ಸಂಬಳ ಎಷ್ಟು ಸಿಗುತ್ತೆ ಅಂತೆಲ್ಲ ಇತ್ತು, ಸಂತೋಷ. ಆದ್ರೆ ಈ ಕೆಲಸದಲ್ಲಿರೋನು ಬೆಳಗ್ಗೆ ಬಂದು ಬೆಂಚ್ ಮುಂದೆ ಕೂತ ತಕ್ಷಣ ಮಾಡೋ ಮೊದಲನೇ ಕೆಲಸದ ಸುದ್ದಿನೇ ಅದರಲ್ಲಿ ಇರ್ಲಿಲ್ಲ. ಅದು ಏನಂದ್ರೆ, ಬೋರ್ಡಿಗೆ ಡಿಬಗ್ಗರ್ ಅಂದ್ರೆ ಪ್ರೋಗ್ರಾಮಿನ ತಪ್ಪು ಹುಡುಕೋ ಸಾಧನ ಜೋಡಿಸಿ, ಕಂಪ್ಯೂಟರಲ್ಲಿರೋ ಐಡಿಇಗೂ (ಪ್ರೋಗ್ರಾಂ ಬರೆಯೋ ಸಾಫ್ಟ್‌ವೇರ್) ಚಿಪ್ಪಿಗೂ ಮಾತುಕತೆ ಶುರು ಮಾಡಿಸೋದು. ಇದು ಸಣ್ಣ ವಿಷಯ ಅನ್ಸುತ್ತೆ, ಪತ್ರಿಕೆಗೆ ಕಾಗದ ಬರೆಯೋ ಅಷ್ಟು ದೊಡ್ಡದಾ ಅಂತ ನಮ್ಮನೆಯವರೂ ಕೇಳಿದ್ರು, ಆದ್ರೂ ಬರೀತಿದೀನಿ, ಯಾಕಂದ್ರೆ ನಮ್ಮ ಕಾಲೇಜುಗಳ ಲ್ಯಾಬಲ್ಲಿ ಇದನ್ನ ಕಲಿಸೋದು ಬಹಳ ಕಮ್ಮಿ, ಕಲೀದೇ ಬಂದ ಹುಡುಗ್ರು ಕೆಲಸಕ್ಕೆ ಸೇರಿದ ಮೇಲೆ ಒದ್ದಾಡೋದನ್ನ ನಾನು ನೋಡ್ತಾನೇ ಇದೀನಿ.

ನಾನು ಪೀಣ್ಯದಲ್ಲಿ ಒಂದು ಸಣ್ಣ ಕಂಪನೀಲಿ ಮೋಟರ್ ಕಂಟ್ರೋಲರ್ ಬೋರ್ಡ್ ಕೆಲಸ ಮಾಡ್ತೀನಿ, ಹೊಸಬರ ಇಂಟರ್‌ವ್ಯೂಗೂ ಕೂರಿಸ್ತಾರೆ. ಕೇಳೋದು ಒಂದೇ ಮುಖ್ಯ ಪ್ರಶ್ನೆ. ಪ್ರೋಗ್ರಾಂ ಹಾಕಿದ್ದೀಯ, ಬೋರ್ಡ್ ಒಂದು ನಿಮಿಷ ಓಡಿ ನಿಂತೋಗುತ್ತೆ, ಎಲ್ಲಿ ನಿಂತಿದೆ ಅಂತ ಹೆಂಗೆ ಕಂಡುಹಿಡೀತೀಯ? ಹತ್ತರಲ್ಲಿ ಎಂಟು ಜನ ಪ್ರಿಂಟ್‌ಎಫ್ ಹಾಕ್ತೀನಿ ಸಾರ್, ಅಂದ್ರೆ ಪ್ರೋಗ್ರಾಮಿಂದ ಕಂಪ್ಯೂಟರಿಗೆ ಸಾಲು ಬರೆಸ್ತೀನಿ ಅಂತಾರೆ, ಇಲ್ಲಾಂದ್ರೆ ಎಲ್‌ಇಡಿ ಬ್ಲಿಂಕ್ ಮಾಡಿಸ್ತೀನಿ ಅಂತಾರೆ. ಡಿಬಗ್ಗರ್ ಬಳಸಿದ್ದೀಯಾ ಅಂದ್ರೆ ಕೀಲ್ ಸಾಫ್ಟ್‌ವೇರಲ್ಲಿ ಸಿಮ್ಯುಲೇಟರ್ ಓಡಿಸಿದ್ವಿ ಅನ್ನೋ ಉತ್ತರ. ಸಿಮ್ಯುಲೇಟರ್ ಅಂದ್ರೆ ಕಂಪ್ಯೂಟರ್ ಒಳಗಿನ ನಾಟಕ ಅಷ್ಟೆ, ಅಲ್ಲಿ ಬೋರ್ಡೂ ಇಲ್ಲ ಕರೆಂಟೂ ಇಲ್ಲ. ಹುಡುಗ್ರನ್ನ ಬೈದು ಪ್ರಯೋಜನ ಇಲ್ಲ, ತೋರಿಸಿದ್ರೆ ತಾನೆ ಅವ್ರು ಕಲಿಯೋದು.

ಈ ವಿಷಯ ಗೊತ್ತಿಲ್ಲದ ಓದುಗರಿಗೆ ಸ್ವಲ್ಪ ಹೇಳ್ಬಿಡ್ತೀನಿ. ವಾಷಿಂಗ್ ಮೆಷಿನ್, ಕರೆಂಟ್ ಮೀಟರ್, ಎಲೆಕ್ಟ್ರಿಕ್ ಸ್ಕೂಟರ್ ಇವುಗಳೊಳಗೆ ಒಂದು ಪುಟ್ಟ ಪ್ರೊಸೆಸರ್ ಇರುತ್ತೆ. ಅದಕ್ಕೆ ಸ್ಕ್ರೀನ್ ಇಲ್ಲ, ಕೀಬೋರ್ಡ್ ಇಲ್ಲ, ಒಳಗೆ ಏನು ನಡೀತಿದೆ ಅಂತ ಹೊರಗಿಂದ ಕಾಣಲ್ಲ. ಅದನ್ನ ನೋಡೋಕೆ ಅಂತಾನೇ ಚಿಪ್ ಒಳಗೆ ಒಂದು ಬಾಗಿಲು ಇಟ್ಟಿರ್ತಾರೆ. ಡಿಬಗ್ ಪ್ರೋಬ್ ಅನ್ನೋ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯ ಒಂದು ಕಡೆ ಯುಎಸ್‌ಬಿ ಲ್ಯಾಪ್‌ಟಾಪಿಗೆ ಹೋಗುತ್ತೆ, ಇನ್ನೊಂದು ಕಡೆ ನಾಲ್ಕೈದು ವೈರು ಆ ಬಾಗಿಲಿಗೆ ಹೋಗುತ್ತೆ. ಜೋಡಣೆ ಆದಮೇಲೆ ಪ್ರೊಸೆಸರನ್ನ ಬೇಕಾದ ಸಾಲಲ್ಲಿ ನಿಲ್ಲಿಸಬಹುದು, ಒಂದೊಂದೇ ಹೆಜ್ಜೆ ನಡೆಸಬಹುದು, ಮೆಮೊರೀಲಿ ಏನಿದೆ ರಿಜಿಸ್ಟರಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಗೂಡುಗಳು) ಏನಿದೆ ಎಲ್ಲಾ ಓದಬಹುದು, ಬದಲಾಯಿಸಲೂಬಹುದು.

ಈ ಬಾಗಿಲು ಮೊದಲು ಡಿಬಗ್ ಮಾಡೋಕೆ ಅಂತ ಇಟ್ಟಿದ್ದಲ್ಲ. ಎಂಬತ್ತರ ದಶಕದಲ್ಲಿ ಚಿಪ್ಪುಗಳ ಕಾಲು ಸಣ್ಣ ಆಗ್ತಾ, ಬೋರ್ಡಲ್ಲಿ ಪದರಗಳು ಜಾಸ್ತಿ ಆಗ್ತಾ ಬಂದವು, ಮೊಳೆಗಳ ಥರದ ಪಿನ್ನು ಒತ್ತಿ ಬೆಸುಗೆ ಟೆಸ್ಟ್ ಮಾಡೋದು ಕಷ್ಟ ಆಯ್ತು. ಆಗ ಕಂಪನಿಗಳೆಲ್ಲ ಸೇರಿ 1985ರಲ್ಲಿ ಜಾಯಿಂಟ್ ಟೆಸ್ಟ್ ಆಕ್ಷನ್ ಗ್ರೂಪ್ ಅಂತ ಮಾಡ್ಕೊಂಡ್ರು, ಅದರ ಕೆಲಸ 1990ರಲ್ಲಿ ಇಂಜಿನಿಯರುಗಳ ಸಂಸ್ಥೆ ಐಇಇಇಯ 1149.1 ಅನ್ನೋ ಸ್ಟ್ಯಾಂಡರ್ಡ್ ಆಯ್ತು, ನಾವೆಲ್ಲ ಜೆಟ್ಯಾಗ್ ಅನ್ನೋದು ಇದನ್ನೇ. ಟಿಡಿಐ, ಟಿಡಿಒ, ಟಿಸಿಕೆ, ಟಿಎಂಎಸ್ ಅಂತ ನಾಲ್ಕು ವೈರು, ಬೇಕಿದ್ರೆ ಐದನೇದು ರಿಸೆಟ್. ಬೆಸುಗೆ ನೋಡೋಕೆ ಹಾಕಿದ ಈ ದಾರೀಲೇ ಆಮೇಲೆ ಪ್ರೊಸೆಸರ್ ಒಳಗೂ ಇಣುಕಬಹುದಲ್ಲ ಅಂತ ಚಿಪ್ ಮಾಡೋರು ಡಿಬಗ್ ಸೇರಿಸ್ಕೊಂಡ್ರು. ಪ್ರೊಸೆಸರ್ ವಿನ್ಯಾಸ ಮಾಡೋ ಆರ್ಮ್ ಕಂಪನಿ ಮುಂದೆ ತನ್ನ ಕಾರ್ಟೆಕ್ಸ್ ಚಿಪ್ಪುಗಳಿಗೆ ವೈರು ಇನ್ನೂ ಕಮ್ಮಿ ಮಾಡಿ ಎಸ್‌ಡಬ್ಲ್ಯುಡಿ (ಸೀರಿಯಲ್ ವೈರ್ ಡಿಬಗ್) ಅಂತ ತಂತು, ಅದರಲ್ಲಿ ಎಸ್‌ಡಬ್ಲ್ಯುಡಿಐಒ ಮತ್ತೆ ಎಸ್‌ಡಬ್ಲ್ಯುಸಿಎಲ್‌ಕೆ ಎರಡೇ ಸಿಗ್ನಲ್ಲು, ಜೊತೆಗೆ ಗ್ರೌಂಡು. ಅಂದಹಾಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿದ್ದೂ ಅದೇ 1985ರಲ್ಲಿ. ಈ ಊರಲ್ಲಿ ಚಿಪ್ಪಿನ ಕೆಲಸ ಅಷ್ಟು ವರ್ಷದಿಂದ ಇದೆ, ನಮ್ಮ ಲ್ಯಾಬ್ ಮಾತ್ರ ಇನ್ನೂ ಆ ಬಾಗಿಲಿನ ಹತ್ರ ಹೋಗಿಲ್ಲ.

ಲ್ಯಾಬಲ್ಲಿ ಏನಾಗುತ್ತೆ ಅಂದ್ರೆ, ಬಹಳ ಕಡೆ ಇವತ್ತಿಗೂ 8051, ಸ್ವಲ್ಪ ಮುಂದುವರಿದ ಕಡೆ ಎಲ್‌ಪಿಸಿ2148 ಬೋರ್ಡು. 8051 ಇಂಟೆಲ್ 1980ರಲ್ಲಿ ತಂದ ಚಿಪ್ಪು, ಕಲಿಯೋಕೆ ಒಳ್ಳೇದೇ, ಬೇಡ ಅನ್ನಲ್ಲ. ಎಲ್‌ಪಿಸಿ2148ಗೆ ಸೀರಿಯಲ್ ಕೇಬಲ್ ಹಾಕಿ ಫ್ಲ್ಯಾಶ್ ಮ್ಯಾಜಿಕ್ ಸಾಫ್ಟ್‌ವೇರ್ ಓಪನ್ ಮಾಡಿ ಹೆಕ್ಸ್ ಫೈಲ್ (ಚಿಪ್ಪಿಗೆ ತುಂಬೋ ಪ್ರೋಗ್ರಾಂ) ಡೌನ್‌ಲೋಡ್ ಮಾಡೋದು, ಸ್ಟೆಪ್ಪರ್ ಮೋಟರ್ ತಿರುಗಿದ್ರೆ ಔಟ್‌ಪುಟ್ ಬಂತು ಅಂತ ರೆಕಾರ್ಡ್ ಬುಕ್ಕಿಗೆ ಸೈನ್, ತಿರುಗಿಲ್ಲ ಅಂದ್ರೆ ಪಕ್ಕದ ಟೇಬಲ್ಲಿನ ಹೆಕ್ಸ್ ಫೈಲ್ ತಂದು ಹಾಕೋದು. ತಮಾಷೆ ಏನಂದ್ರೆ ಆ ಚಿಪ್ ಒಳಗಿರೋ ಪ್ರೊಸೆಸರಿನ ಹೆಸರೇ ಆರ್ಮ್7ಟಿಡಿಎಂಐ. ವೈವಾದಲ್ಲಿ ಹುಡುಗ್ರು ಟಿ ಅಂದ್ರೆ ಥಂಬ್, ಡಿ ಅಂದ್ರೆ ಡಿಬಗ್, ಎಂ ಅಂದ್ರೆ ಮಲ್ಟಿಪ್ಲೈಯರ್, ಐ ಅಂದ್ರೆ ಎಂಬೆಡೆಡ್ ಐಸಿಇ ಅಂತ ಪಟಪಟ ಹೇಳ್ತಾರೆ, ಮಾರ್ಕ್ಸೂ ಸಿಗುತ್ತೆ, ಆ ಡಿ ಮತ್ತೆ ಐ ಬೋರ್ಡಲ್ಲಿ ಎಲ್ಲಿದೆ ತೋರಿಸಪ್ಪ ಅಂದ್ರೆ ಗೊತ್ತಿಲ್ಲ. ಅದು ಇರೋದು ಪಿ1.26ರಿಂದ ಪಿ1.31ರ ತನಕದ ಪಿನ್ನುಗಳಲ್ಲಿ, ರಿಸೆಟ್ ಆಗೋವಾಗ ಪಿ1.26 ಲೋ ಇದ್ರೆ ಮಾತ್ರ ಅವು ಡಿಬಗ್ ಪಿನ್ನಾಗಿ ಕೆಲಸ ಮಾಡ್ತವೆ. ಪಿನ್ನು ಸೇರಿಸೋ ಒಂದು ಜಂಪರ್ ವಿಷಯ ಅಷ್ಟೆ.

ಪ್ರಿಂಟ್‌ಎಫ್ ಸಾಕಲ್ವಾ ಅಂತ ಕೇಳೋರಿಗೆ ಒಂದು ಲೆಕ್ಕ. ಸೀರಿಯಲ್ ಪೋರ್ಟ್ 115200 ಬಾಡ್ ವೇಗದಲ್ಲಿ ಓಡ್ತಿದ್ರೆ ಒಂದು ಅಕ್ಷರ ಹೋಗೋಕೆ ಸುಮಾರು 87 ಮೈಕ್ರೋಸೆಕೆಂಡ್, ನಲವತ್ತು ಅಕ್ಷರದ ಒಂದು ಸಾಲಿಗೆ ಮೂರೂವರೆ ಮಿಲಿಸೆಕೆಂಡ್. ನಮ್ಮ ಮೋಟರ್ ಬೋರ್ಡಲ್ಲಿ ಕರೆಂಟ್ ಲೂಪ್ (ಮೋಟರಿನ ಕರೆಂಟ್ ಅಳೆದು ಸರಿಮಾಡೋ ಕೋಡು) ಓಡೋದೇ ಐವತ್ತು ಮೈಕ್ರೋಸೆಕೆಂಡಿಗೊಂದ್ಸಲ, ಅಂದ್ರೆ ಒಂದು ಸಾಲು ಪ್ರಿಂಟ್ ಆಗೋಷ್ಟರಲ್ಲಿ ಎಪ್ಪತ್ತು ಸುತ್ತು ಮುಗಿದಿರುತ್ತೆ. ಇಂಟರಪ್ಟ್ ಒಳಗೆ, ಅಂದ್ರೆ ನಡೀತಿರೋ ಕೆಲಸ ತಡೆದು ಓಡೋ ತುರ್ತು ಕೋಡಲ್ಲಿ, ಪ್ರಿಂಟ್‌ಎಫ್ ಹಾಕಿದ್ರೆ ಹುಡುಕ್ತಿರೋ ತೊಂದರೆ ಮಾಯ ಆಗಿ ಇನ್ನೊಂದು ಹೊಸ ತೊಂದರೆ ಹುಟ್ಟುತ್ತೆ, ತೆಗೆದ್ರೆ ಹಳೇದು ವಾಪಸ್ ಬರುತ್ತೆ. ರಾತ್ರಿ ಕರೆಂಟ್ ಹೋದಾಗ ಬೆಂಕಿಕಡ್ಡಿ ಗೀರ್ಕೊಂಡು ಮನೆಯೆಲ್ಲಾ ಬೀಗದಕೈ ಹುಡುಕಿದ ಹಾಗೆ ಅದು. ಅದೇ ಪ್ರೋಬ್ ಇದ್ರೆ, ಕಾರ್ಟೆಕ್ಸ್ ಎಂ3 ಅಥವಾ ಎಂ4 ಚಿಪ್ ದೊಡ್ಡ ತಪ್ಪು ಕಂಡು ಹಾರ್ಡ್‌ಫಾಲ್ಟ್ ಅನ್ನೋ ಸ್ಥಿತಿಗೆ ಹೋಯ್ತು ಅಂದುಕೊಳ್ಳಿ, ಹೋಗೋ ಮುಂಚೆ ಅದು ಎಂಟು ರಿಜಿಸ್ಟರನ್ನ ಸ್ಟ್ಯಾಕ್ ಅನ್ನೋ ಮೆಮೊರಿ ಭಾಗದಲ್ಲಿ ಇಟ್ಟು ಹೋಗಿರುತ್ತೆ, ಅದರಲ್ಲಿ ಯಾವ ಜಾಗದಲ್ಲಿತ್ತು ಅಂತ ಗುರುತಿಡೋ ಪ್ರೋಗ್ರಾಂ ಕೌಂಟರೂ ಇರುತ್ತೆ. ಅದನ್ನ ಓದಿದ್ರೆ ಸಾಮಾನ್ಯವಾಗಿ ಯಾವ ಸಾಲಲ್ಲಿ ಎಡವಟ್ಟಾಯ್ತು ಅಂತ ಬೆರಳಿಟ್ಟು ತೋರಿಸಬಹುದು, ಫಾಲ್ಟ್ ಸ್ಟೇಟಸ್ ರಿಜಿಸ್ಟರ್ ನೋಡಿದ್ರೆ ಯಾಕೆ ಅಂತಾನೂ ಸುಳಿವು ಸಿಗುತ್ತೆ. ಹತ್ತು ನಿಮಿಷದ ಕೆಲಸ. ಇದನ್ನ ಗೊತ್ತಿಲ್ಲದೆ ಎರಡು ಮೂರು ದಿನ ಕೋಡಿನ ಸಾಲುಗಳನ್ನ ಕಾಮೆಂಟ್ ಹಾಕಿ ಮರೆಮಾಡಿ, ಮತ್ತೆ ಕಾಮೆಂಟ್ ತೆಗೆದು ಕೂತಿರೋ ಹುಡುಗ್ರು ಎಷ್ಟೋ ಜನ.

ಈಗ ಜೋಡಣೆ ವಿಷಯಕ್ಕೆ ಬರೋಣ, ನಿಜವಾದ ಫಜೀತಿ ಇರೋದೇ ಇಲ್ಲಿ. ಐಡಿಇಯಲ್ಲಿ ಡಿಬಗ್ ಬಟನ್ ಒತ್ತಿದ ತಕ್ಷಣ ನೋ ಟಾರ್ಗೆಟ್ ಕನೆಕ್ಟೆಡ್ ಅಂತ ಒಂದು ಕೆಂಪು ಸಾಲು ಬರುತ್ತೆ, ಹೊಸಬರು ಮಾಡೋ ಮೊದಲನೇ ಕೆಲಸ ಐಡಿಇ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕೋದು, ಎರಡನೇದು ವಿಂಡೋಸ್ ಫಾರ್ಮ್ಯಾಟ್ ಮಾಡೋದು. ಅಯ್ಯೋ ಮಾರಾಯಾ, ಮೊದಲು ಎಲ್ಲಿ ತನಕ ದಾರಿ ಸರಿ ಇದೆ ನೋಡು! ಲ್ಯಾಪ್‌ಟಾಪಿಂದ ಪ್ರೋಬ್ ತನಕ ಒಂದು ಭಾಗ, ಪ್ರೋಬಿಂದ ಚಿಪ್ ತನಕ ಇನ್ನೊಂದು ಭಾಗ, ಎರಡೂ ಬೇರೆ ಬೇರೆ. ಡಿವೈಸ್ ಮ್ಯಾನೇಜರಲ್ಲಿ ಪ್ರೋಬ್ ಕಾಣ್ತಿಲ್ಲ ಅಂದ್ರೆ ಬೋರ್ಡ್ ಕಡೆ ತಿರುಗಿ ನೋಡೋದೇ ಬೇಡ, ಅದು ಕೇಬಲ್ ಅಥವಾ ಡ್ರೈವರ್ ತಾಪತ್ರಯ. ಮೊಬೈಲ್ ಚಾರ್ಜ್ ಮಾಡೋ ಎಷ್ಟೋ ಯುಎಸ್‌ಬಿ ಕೇಬಲಲ್ಲಿ ಡೇಟಾ ವೈರೇ ಇರಲ್ಲ. ಪ್ರೋಬ್ ಓಡಿಸೋ ಓಪನ್‌ಓಸಿಡಿ ಅನ್ನೋ ಸಾಫ್ಟ್‌ವೇರಿಗೋಸ್ಕರ ಜ್ಯಾಡಿಗ್ ಅನ್ನೋ ಟೂಲಲ್ಲಿ ಡ್ರೈವರ್ ಬದಲಾಯಿಸಿದ್ರೆ ಪ್ರೋಬ್ ಕಂಪನಿಯ ಸ್ವಂತ ಸಾಫ್ಟ್‌ವೇರಿಗೆ ಅದು ಕಾಣದೇ ಹೋಗಬಹುದು. ಲಿನಕ್ಸಲ್ಲಿ ಯುಡೆವ್ ರೂಲ್ಸ್ (ಸಾಧನ ಬಳಸೋಕೆ ಅನುಮತಿ ಕೊಡೋ ಫೈಲ್) ಹಾಕಿಲ್ಲ ಅಂದ್ರೆ ಪರ್ಮಿಶನ್ ಇಲ್ಲ ಅನ್ನುತ್ತೆ, ಸುಡೋ ಹಾಕಿ ಅಡ್ಮಿನ್ ಅಧಿಕಾರದಲ್ಲಿ ಓಡಿಸಿ ಕೆಲಸ ಆಯ್ತು ಅಂತ ಬಿಡ್ತಾರೆ, ಐಡಿಇ ಒಳಗಿಂದ ಮತ್ತೆ ಕೈ ಕೊಡುತ್ತೆ. ಇನ್ನು ಒಂದು ಪ್ರೋಬನ್ನ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಹಿಡ್ಕೊಳ್ಳೋಕಾಗೋದು, ಹಿಂದೆ ಪ್ರೋಗ್ರಾಮರ್ ಸಾಫ್ಟ್‌ವೇರ್ ತೆರೆದಿಟ್ಟು ಕನೆಕ್ಟ್ ಆಗಿದ್ರೆ ಐಡಿಇಗೆ ಜಾಗ ಇಲ್ಲ.

ಪ್ರೋಬ್ ಕಾಣ್ತಿದೆ, ಚಿಪ್ ಕಾಣ್ತಿಲ್ಲ ಅಂದ್ರೆ ಆಗ ಮಲ್ಟಿಮೀಟರ್ ಕೈಗೆ ತಗೊಳ್ಳಿ. ಬೋರ್ಡಿಗೆ ಪವರ್ ಇದೆಯಾ, ಗ್ರೌಂಡ್ ಸೇರಿದೆಯಾ. ನಗ್ಬೇಡಿ, ಅರ್ಧ ಕೇಸು ಇಲ್ಲೇ ಮುಗಿಯುತ್ತೆ. ಆಮೇಲೆ ವಿಟಿರೆಫ್ ಅನ್ನೋ ಪಿನ್ನು. ಇದು ಬಹಳ ಜನಕ್ಕೆ ಅರ್ಥ ಆಗದ ಪಿನ್ನು, ಪ್ರೋಬ್ ಬೋರ್ಡಿಗೆ ಕರೆಂಟ್ ಕೊಡೋ ಜಾಗ ಅಂದ್ಕೋತಾರೆ, ಅಲ್ಲ, ಬೋರ್ಡ್ ಎಷ್ಟು ವೋಲ್ಟಲ್ಲಿ ಓಡ್ತಿದೆ ಅಂತ ಪ್ರೋಬ್ ನೋಡ್ಕೊಳ್ಳೋ ಜಾಗ. 1.8 ವೋಲ್ಟ್ ಚಿಪ್ಪಿಗೆ 3.3 ವೋಲ್ಟ್ ಸಿಗ್ನಲ್ ಕೊಡಬಾರದಲ್ಲ ಅದಕ್ಕೆ. ಜೆ-ಲಿಂಕ್ ಥರದ ಪ್ರೋಬಿಗೆ ಆ ವೈರು ಹಾಕಿಲ್ಲ ಅಂದ್ರೆ ವಿಟಿರೆಫ್ ಸೊನ್ನೆ ಅಂತ ತೋರಿಸಿ ಮುಂದೆ ಹೋಗಲ್ಲ ಅನ್ನುತ್ತೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕೆಲವು ನೂರು ರೂಪಾಯಿಗೆ ಸಿಗೋ ಎಸ್‌ಟಿ-ಲಿಂಕ್ (ಎಸ್‌ಟಿ ಕಂಪನಿಯ ಪ್ರೋಬ್) ನಕಲು ಪೆನ್‌ಡ್ರೈವ್ ಥರ ಇರುತ್ತಲ್ಲ, ಅದರಲ್ಲಿ ಕಥೆ ಉಲ್ಟಾ, ಅದರ 3.3 ವೋಲ್ಟ್ ಪಿನ್ನು ನಿಜವಾಗ್ಲೂ ಔಟ್‌ಪುಟ್ಟೇ, ಬೋರ್ಡಿಗೆ ಬೇರೆ ಸಪ್ಲೈ ಕೊಟ್ಟು ಇದನ್ನೂ ಜೋಡಿಸಿದ್ರೆ ಎರಡು ಸಪ್ಲೈ ಜಗಳ ಆಡ್ತವೆ. ಜೊತೆಗೆ ಆ ನಕಲುಗಳಲ್ಲಿ ಪಿನ್ನಿನ ಕ್ರಮ ಒಂದರಲ್ಲಿ ಇದ್ದಂಗೆ ಇನ್ನೊಂದರಲ್ಲಿ ಇರಲ್ಲ, ಡಬ್ಬಿ ಮೇಲೆ ಪ್ರಿಂಟ್ ಆಗಿರೋದನ್ನ ನೋಡ್ಕೊಂಡೇ ಹಾಕ್ಬೇಕು, ನೆಟ್ಟಲ್ಲಿ ಸಿಕ್ಕ ಚಿತ್ರ ನೋಡಿ ಹಾಕಬಾರದು. ವೈರು ಉದ್ದ ಆದ್ರೆ ಕ್ಲಾಕ್ ಸ್ಪೀಡ್ ಇಳಿಸಿ, ನಾಲ್ಕು ಮೆಗಾಹರ್ಟ್ಸಲ್ಲಿ ಆಗದೇ ಇದ್ದದ್ದು ನೂರು ಕಿಲೋಹರ್ಟ್ಸಲ್ಲಿ ಸಲೀಸಾಗಿ ಆಗುತ್ತೆ. ಅಡಿಗಟ್ಲೆ ಜಂಪರ್ ವೈರ್ ಹಾಕಿ ಬ್ರೆಡ್‌ಬೋರ್ಡ್ ಮೇಲೆ ಸರ್ಕಸ್ ಮಾಡೋದು ನಮ್ಮಲ್ಲಿ ಜಾಸ್ತಿ ಆದ್ದರಿಂದ ಹೇಳ್ದೆ.

ಇಷ್ಟೆಲ್ಲ ಸರಿ ಇದ್ದೂ ಚಿಪ್ ಮಾತಾಡ್ತಿಲ್ಲ, ಆದ್ರೆ ನಿನ್ನೆ ಮಾತಾಡ್ತಿತ್ತು ಅಂದ್ರೆ ತಪ್ಪು ಸಾಮಾನ್ಯವಾಗಿ ನಿನ್ನೆ ಹಾಕಿದ ಪ್ರೋಗ್ರಾಮಲ್ಲೇ. ಎಸ್‌ಟಿಎಂ32ಎಫ್103 ಅಂದ್ರೆ ನಮ್ಮ ಹುಡುಗ್ರು ಬ್ಲೂ ಪಿಲ್ ಅಂತ ಕರೆಯೋ ಬೋರ್ಡಿನ ಚಿಪ್ಪು, ಅದರಲ್ಲಿ ಎಸ್‌ಡಬ್ಲ್ಯುಡಿ ಪಿಎ13, ಪಿಎ14ರಲ್ಲಿದೆ, ಜೆಟ್ಯಾಗಿಗೆ ಹೆಚ್ಚುವರಿ ಪಿಎ15, ಪಿಬಿ3, ಪಿಬಿ4. ಪಿಬಿ3ರಲ್ಲಿ ಎಲ್‌ಇಡಿ ಹಾಕಿದ್ರೂ ಉರೀತಿಲ್ಲ ಅಂತ ಹುಡುಗ ತಲೆ ಕೆಡಿಸ್ಕೊಂಡು, ಎಲ್ಲೋ ಓದಿ ಜೆಟ್ಯಾಗ್ ಡಿಸೇಬಲ್ ಮಾಡ್ತಾನೆ, ಬರೀ ಜೆಟ್ಯಾಗ್ ಆಫ್ ಮಾಡೋ ಬದಲು ಎಸ್‌ಡಬ್ಲ್ಯುಡಿನೂ ಸೇರಿಸಿ ಆಫ್ ಮಾಡೋ ಆಯ್ಕೆ ಹಾಕ್ಬಿಡ್ತಾನೆ, ಎಲ್‌ಇಡಿ ಉರಿಯುತ್ತೆ, ಬಾಗಿಲು ಮುಚ್ಚೋಗುತ್ತೆ. ಎಸ್‌ಟಿಯ ಕ್ಯೂಬ್‌ಎಂಎಕ್ಸ್ ಸಾಫ್ಟ್‌ವೇರಲ್ಲಿ ಪಿನ್ನು ಸೆಟ್ ಮಾಡೋವಾಗ ಡಿಬಗ್ ಜಾಗದಲ್ಲಿ ಸೀರಿಯಲ್ ವೈರ್ ಆರಿಸದೇ ಬಿಟ್ರೂ ಈ ಚಿಪ್ಪಲ್ಲಿ ಅದೇ ಗತಿ. ಬೋರ್ಡ್ ಸತ್ತೋಯ್ತು ಅಂತ ಕಸಕ್ಕೆ ಹಾಕಿದ್ದನ್ನೂ ನೋಡಿದೀನಿ. ಸತ್ತಿಲ್ಲ, ರಿಸೆಟ್ ವೈರು ಜೋಡಿಸಿ ಕನೆಕ್ಟ್ ಅಂಡರ್ ರಿಸೆಟ್ ಆಯ್ಕೆ ಮಾಡಿ, ಪ್ರೋಗ್ರಾಂ ಓಡೋಕೆ ಮುಂಚೆನೇ ಪ್ರೋಬ್ ಒಳಗೆ ಹೋಗುತ್ತೆ, ಇಲ್ಲ ಬೂಟ್0 ಪಿನ್ನು ಹೈ ಮಾಡಿ ಆನ್ ಮಾಡಿ. ಚಿಪ್ ನಿದ್ದೆ ಮೋಡಿಗೆ ಹೋಗಿ ಕೈಗೆ ಸಿಗದೇ ಇದ್ದಾಗಲೂ ಇದೇ ಮದ್ದು. ಇನ್ನು ಬ್ಲೂ ಪಿಲ್ ಹೆಸರಲ್ಲಿ ಬರೋ ಕೆಲವು ಬೋರ್ಡಲ್ಲಿ ಚಿಪ್ಪೇ ನಕಲಿ, ಓಪನ್‌ಓಸಿಡಿ ಐಡಿಕೋಡ್ (ಚಿಪ್ಪಿನ ಗುರುತಿನ ಸಂಖ್ಯೆ) ಒಂದರಿಂದ ಶುರುವಾಗಬೇಕಿತ್ತು ಎರಡರಿಂದ ಬಂತು ಅಂತ ಗೊಣಗಿ ನಿಲ್ಲುತ್ತೆ. ಆ ಸಾಲನ್ನ ಓದೋಕೆ ಬರೋ ಹುಡುಗನಿಗೆ ಅಂಗಡಿಯವನು ಟೋಪಿ ಹಾಕಿದ್ದೂ ಗೊತ್ತಾಗುತ್ತೆ.

ಐಡಿಇ ಯಾವುದಾದ್ರೂ ಆಗ್ಲಿ, ಒಳಗೆ ನಡೆಯೋ ವ್ಯವಹಾರ ಹೆಚ್ಚುಕಮ್ಮಿ ಒಂದೇ. ಎಕ್ಲಿಪ್ಸ್ ಮೇಲೆ ಕಟ್ಟಿರೋ ಎಸ್‌ಟಿಎಂ32ಕ್ಯೂಬ್‌ಐಡಿಇ ಇರ್ಲಿ, ವಿಎಸ್ ಕೋಡಿಗೆ ಕಾರ್ಟೆಕ್ಸ್-ಡಿಬಗ್ ಎಕ್ಸ್‌ಟೆನ್ಶನ್ ಹಾಕ್ಕೊಂಡಿರ್ಲಿ, ಮುಂದೆ ಕಾಣೋ ಬಟನ್ ಹಿಂದೆ ಜಿಡಿಬಿ ಅನ್ನೋ ಡಿಬಗ್ ಸಾಫ್ಟ್‌ವೇರ್ ಇರುತ್ತೆ, ಅದು ಓಪನ್‌ಓಸಿಡಿ ಅಥವಾ ಪ್ರೋಬ್ ಕಂಪನಿಯ ಜಿಡಿಬಿ ಸರ್ವರ್ ಜೊತೆ ಒಂದು ಪೋರ್ಟಲ್ಲಿ ಮಾತಾಡುತ್ತೆ, ಓಪನ್‌ಓಸಿಡಿ ಆದ್ರೆ 3333, ಜೆ-ಲಿಂಕ್ ಆದ್ರೆ 2331. ಆ ಸರ್ವರ್ ಪ್ರೋಬ್ ಜೊತೆ, ಪ್ರೋಬ್ ಚಿಪ್ ಜೊತೆ. ಈ ಸರಪಳಿ ಒಂದ್ಸಲ ಟರ್ಮಿನಲಲ್ಲಿ ಕೈಯಾರೆ ಮಾಡಿಸಿದ್ರೆ ಸಾಕು, ಆಮೇಲೆ ಯಾವ ಐಡಿಇ ಕೊಟ್ರೂ ಹೆದರಲ್ಲ. ಟಿಐನ (ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್) ಕೋಡ್ ಕಂಪೋಸರ್ ಸ್ಟುಡಿಯೋದಲ್ಲಿ ಟಾರ್ಗೆಟ್ ಕಾನ್ಫಿಗರೇಶನ್ ಫೈಲ್ ತೆರೆದ್ರೆ ಟೆಸ್ಟ್ ಕನೆಕ್ಷನ್ ಅಂತಾನೇ ಒಂದು ಬಟನ್ ಇದೆ, ಜೆಟ್ಯಾಗ್ ದಾರಿ ಸರಿ ಇದೆಯಾ ಅಂತ ಪ್ರೋಗ್ರಾಂ ಹಾಕೋ ಮುಂಚೆನೇ ಹೇಳುತ್ತೆ. ಎಲ್ಲಾ ಐಡಿಇಯಲ್ಲೂ ಅಂಥ ಬಟನ್ ಎದುರಿಗೇ ಇರಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಜೋಡಿಸಿದ ಮೇಲೂ ಕೆಲವು ವಿಷಯ ಯಾರಾದ್ರೂ ಹೇಳ್ಕೊಡ್ಬೇಕು. ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ (ಪ್ರೊಸೆಸರ್ ನಿಲ್ಲಬೇಕಾದ ಜಾಗಕ್ಕೆ ಇಡೋ ಗುರುತು) ಬೇಕಾದಷ್ಟು ಸಿಗಲ್ಲ, ಆರ್ಮ್7ಟಿಡಿಎಂಐಯಲ್ಲಿ 2, ಕಾರ್ಟೆಕ್ಸ್ ಎಂ0ನಲ್ಲಿ ಹೆಚ್ಚಂದ್ರೆ 4, ಎಂ3ನಲ್ಲಿ ಸಾಮಾನ್ಯವಾಗಿ 6. ಏಳನೇದು ಹಾಕಿದ್ರೂ ನಿಲ್ಲಲಿಲ್ಲ ಅಂತ ಸಾಫ್ಟ್‌ವೇರಿಗೆ ಶಾಪ ಹಾಕಬಾರದು. ಆಪ್ಟಿಮೈಸೇಶನ್ (ಕೋಡನ್ನ ಚಿಕ್ಕದು, ಚುರುಕು ಮಾಡೋದು) ಜಾಸ್ತಿ ಇಟ್ಟು ಬಿಲ್ಡ್ ಮಾಡಿದ್ರೆ ವೇರಿಯಬಲ್ ಕಾಣಲ್ಲ, ಆಪ್ಟಿಮೈಸ್ಡ್ ಔಟ್ ಅನ್ನುತ್ತೆ, ಬಾಣದ ಗುರುತು ಸಾಲಿಂದ ಸಾಲಿಗೆ ಹುಚ್ಚುಚ್ಚಾಗಿ ಕುಣಿಯುತ್ತೆ. ಪ್ರೋಗ್ರಾಂ ಸಿಕ್ಕಿಕೊಂಡ್ರೆ ರಿಸೆಟ್ ಮಾಡೋ ವಾಚ್‌ಡಾಗ್ ಆನ್ ಇಟ್ಟು, ಡಿಬಗ್ಗಲ್ಲಿ ಅದನ್ನ ನಿಲ್ಲಿಸೋ ಬಿಟ್ ಹಾಕದೇ ಪ್ರೊಸೆಸರ್ ನಿಲ್ಲಿಸಿದ್ರೆ ಅದು ಚಿಪ್ಪನ್ನ ರಿಸೆಟ್ ಮಾಡಿಬಿಡುತ್ತೆ.

ಆದ್ರೆ ನಾನು ಜೋರಾಗಿ ಹೇಳ್ಬೇಕಿರೋದು ಸುರಕ್ಷತೆ ವಿಷಯ. ಮೋಟರ್ ಓಡ್ತಿರೋವಾಗ ಬ್ರೇಕ್‌ಪಾಯಿಂಟಲ್ಲಿ ಪ್ರೊಸೆಸರ್ ನಿಂತ್ರೆ ಪ್ರೋಗ್ರಾಂ ನಿಲ್ಲುತ್ತೆ, ಮೋಟರಿಗೆ ಆನ್-ಆಫ್ ಸಿಗ್ನಲ್ ಕೊಡೋ ಪಿಡಬ್ಲ್ಯುಎಂ ಟೈಮರ್ ನಿಲ್ಲಬೇಕು ಅಂತೇನಿಲ್ಲ, ಕೊನೇ ಡ್ಯೂಟೀಲೇ (ಆನ್ ಇರೋ ಪ್ರಮಾಣ) ಓಡ್ತಾ ಇರುತ್ತೆ, ಕರೆಂಟ್ ಅಳೆದು ಕಮ್ಮಿ ಮಾಡೋನು ಯಾರೂ ಇಲ್ಲ, ಮೋಟರಿಗೆ ಕರೆಂಟ್ ಬಿಡೋ ಮಾಸ್‌ಫೆಟ್ ಢಂ ಅನ್ನುತ್ತೆ. ಟೈಮರ್ ನಿಲ್ಲಿಸೋಕೂ ಡಿಬಗ್ ಬಿಟ್‌ಗಳಿವೆ, ಆದ್ರೆ ನಿಂತಾಗ ಔಟ್‌ಪುಟ್ ಆಫ್ ಆಗಿ ನಿಲ್ಲುತ್ತಾ ಆನ್ ಆಗಿ ನಿಲ್ಲುತ್ತಾ ಅನ್ನೋದನ್ನ ಆ ಚಿಪ್ಪಿನ ಮ್ಯಾನ್ಯುಯಲಲ್ಲಿ ನೋಡ್ಕೊಂಡೇ ಮುಂದುವರೀಬೇಕು, ಬೆಂಚ್ ಸಪ್ಲೈಯಲ್ಲಿ ಕರೆಂಟ್ ಲಿಮಿಟ್ ಇಳಿಸಿಟ್ಟಿರಬೇಕು. ಇದಕ್ಕಿಂತ ಅಪಾಯದ್ದು ಎಲ್‌ಇಡಿ ಡ್ರೈವರ್, ಫ್ಯಾನ್ ರೆಗ್ಯುಲೇಟರ್, ಎನರ್ಜಿ ಮೀಟರ್ ಥರದ ಬೋರ್ಡುಗಳು. ಬಹಳ ಸಲ ಇವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರಲ್ಲ, ಬೋರ್ಡಿನ ಗ್ರೌಂಡ್ ಅನ್ನೋದು ನೇರವಾಗಿ 230 ವೋಲ್ಟ್ ಲೈನಿಗೇ ಸೇರಿರುತ್ತೆ. ಅದಕ್ಕೆ ಪ್ರೋಬ್ ಹಾಕಿದ್ರೆ ಆ ಗ್ರೌಂಡ್ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ, ಅಲ್ಲಿಂದ ನಿಮ್ಮ ಕೈಗೆ. ಲ್ಯಾಪ್‌ಟಾಪ್ ಹೋದ್ರೆ ಇನ್ನೊಂದು ತಗೋಬಹುದು. ಇಂಥ ಬೋರ್ಡಿಗೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ, ಅದಕ್ಕಂತಾನೇ ಇರೋ ಐಸೋಲೇಟೆಡ್ ಪ್ರೋಬ್ ಇಲ್ಲದೆ ಕೈ ಹಾಕಬಾರದು ಅಂತ ಲ್ಯಾಬಿನ ಗೋಡೆ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಹಾಕ್ಬೇಕು. ಯೂಟ್ಯೂಬ್ ನೋಡಿ ಕಲಿಯೋ ಹುಡುಗನಿಗೆ ಇದನ್ನ ಹೇಳೋರು ಯಾರು?

ದುಡ್ಡಿಲ್ಲ ಅನ್ನೋ ಮಾತು ಈಗ ನಡೆಯಲ್ಲ. ಹಿಂದೆ ಇದೇ ಕೆಲಸಕ್ಕಿದ್ದ ಎಮ್ಯುಲೇಟರ್ ಅಂದ್ರೆ ಕಾಲೇಜಿಗೆ ಕೈಗೆಟುಕದ ಮಾಲು, ನಿಜ. ಇವತ್ತು ಎಸ್‌ಟಿಯ ನ್ಯೂಕ್ಲಿಯೋ ಬೋರ್ಡಲ್ಲಿ ಎಸ್‌ಟಿ-ಲಿಂಕ್ ಬೋರ್ಡಿನ ಮೇಲೇ ಇರುತ್ತೆ, ನ್ಯೂಕ್ಲಿಯೋ-64ರ ಹಲವು ಬೋರ್ಡಲ್ಲಿ ಸಿಎನ್2 ಜಂಪರ್ ಎರಡು ತೆಗೆದ್ರೆ ಅದೇ ಪ್ರೋಬನ್ನ ಬೇರೆ ಎಸ್‌ಟಿಎಂ32 ಬೋರ್ಡಿಗೂ ಬಳಸಬಹುದು. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೋ ಎರಡು ತಗೊಂಡ್ರೆ ಒಂದಕ್ಕೆ ಡಿಬಗ್ ಪ್ರೋಬ್ ಫರ್ಮ್‌ವೇರ್ ಹಾಕಿ ಇನ್ನೊಂದನ್ನ ಡಿಬಗ್ ಮಾಡಬಹುದು. ಇಎಸ್‌ಪಿ32-ಸಿ3, ಎಸ್3 ಚಿಪ್ಪುಗಳಲ್ಲಿ ಯುಎಸ್‌ಬಿ ಜೆಟ್ಯಾಗ್ ಚಿಪ್ ಒಳಗೇ ಇದೆ. ಜೆ-ಲಿಂಕಿಗೂ ವಿದ್ಯಾರ್ಥಿಗಳಿಗೆ ಅಂತ ಕಮ್ಮಿ ಬೆಲೆಯ ಎಜು ಮಾದರಿ ಇದೆ. ಸಾಫ್ಟ್‌ವೇರ್ ಅಂತೂ ಜಿಡಿಬಿ, ಓಪನ್‌ಓಸಿಡಿ ಎರಡೂ ಪುಕ್ಕಟೆ. ಈ ಓಪನ್‌ಓಸಿಡಿ ಶುರುವಾಗಿದ್ದೇ ಜರ್ಮನಿಯ ಆಗ್ಸ್‌ಬರ್ಗಲ್ಲಿ 2005ರ ಸುಮಾರಿಗೆ ಒಬ್ಬ ವಿದ್ಯಾರ್ಥಿಯ ಡಿಪ್ಲೊಮಾ ಥೀಸಿಸ್ ಆಗಿ. ನಮ್ಮಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಅಂದ್ರೆ ಸ್ಮಾರ್ಟ್ ಡಸ್ಟ್‌ಬಿನ್ನು, ವರ್ಷಾ ವರ್ಷಾ ಅದೇ ಡಸ್ಟ್‌ಬಿನ್ನು.

ಪಾಠ ಮಾಡೋ ಗೆಳೆಯರ ಹತ್ರ ಹೇಳಿದ್ರೆ, ಸಾರ್ ನಮ್ಗೆ ಆರ್ಡುಯಿನೋ ಬೋರ್ಡೇ ಸಾಕು ಅಂತಾರೆ. ಆರ್ಡುಯಿನೋ ಒಳ್ಳೇದು, ಹೈಸ್ಕೂಲ್ ಮಕ್ಕಳಿಗೂ ಕೊಡಬಹುದು. ಆದ್ರೆ ಅದರ ಹಳೇ ಉನೋ ಬೋರ್ಡಿನ ಎಟಿಮೆಗಾ328ಪಿ ಚಿಪ್ಪಿಗೆ ಡಿಬಗ್ ದಾರಿ ಇರೋದು ರಿಸೆಟ್ ಪಿನ್ನಲ್ಲೇ, ಡಿಬಗ್‌ವೈರ್ ಅಂತ ಕರೀತಾರೆ, ತಾನೇ ರಿಸೆಟ್ ಆಗ್ಲಿ ಅಂತ ಆ ಗೆರೆ ಮೇಲೆ ಬೋರ್ಡ್ ಮಾಡೋರು ಒಂದು ಕೆಪಾಸಿಟರ್ ಕೂರಿಸಿದಾರೆ, ಆ ಕೆಪಾಸಿಟರಿನ ಗೆರೆ ಕತ್ತರಿಸದೇ ಡಿಬಗ್ ಆಗಲ್ಲ. ಅದಕ್ಕೇ ಉನೋದಲ್ಲಿ ಕಲಿತೋರಿಗೆ ಡಿಬಗ್ಗರ್ ಅನ್ನೋದೊಂದಿದೆ ಅಂತಾನೇ ಗೊತ್ತಾಗಲ್ಲ, ಸೀರಿಯಲ್ ಮಾನಿಟರೇ ಪ್ರಪಂಚ. ಇನ್ನು ಸಿಲಬಸ್ ಬದಲಾಗಬೇಕು, ಟೆಂಡರ್ ಆಗಬೇಕು, ಲ್ಯಾಬ್ ಇನ್‌ಸ್ಟ್ರಕ್ಟರಿಗೆ ಟ್ರೈನಿಂಗ್ ಆಗಬೇಕು ಅಂತಾರೆ, ಅದರಲ್ಲಿ ಮೂರನೇದನ್ನ ಮಾತ್ರ ನಾನು ಪೂರ್ತಿ ಒಪ್ತೀನಿ. ಹತ್ತು ಹನ್ನೆರಡು ಪ್ರಯೋಗದ ಪಟ್ಟೀಲಿ ಒಂದು ತೆಗೆದು ಒಂದು ಸೇರಿಸಿ ಸಾಕು. ಕೆಟ್ಟ ಪ್ರೋಗ್ರಾಂ ಹಾಕಿರೋ ಬೋರ್ಡ್ ಕೈಗೆ ಕೊಡಿ, ಪ್ರೋಬನ್ನೂ ವೈರನ್ನೂ ಬಿಡಿಬಿಡಿಯಾಗಿ ಕೊಡಿ, ಜೋಡಿಸಿ ಎಲ್ಲಿ ನಿಂತಿದೆ ಹೇಳಪ್ಪ ಅನ್ನಿ, ಜೋಡಣೆಗೇ ಅರ್ಧ ಮಾರ್ಕ್ಸ್ ಕೊಡಿ. ಪಕ್ಕದ ಟೇಬಲ್ಲಿನ ಹೆಕ್ಸ್ ಫೈಲ್ ತಂದು ಪಾಸಾಗೋಕೆ ಇಲ್ಲಿ ಅವಕಾಶ ಇಲ್ಲ.

ಇದನ್ನ ಡಿಪ್ಲೊಮಾ ಹುಡುಗ್ರಿಗೆ ಮೊದಲು ಕಲಿಸಿ ಅನ್ನೋದು ನನ್ನ ಆಸೆ. ಕನ್ನಡ ಮೀಡಿಯಮ್ಮಿಂದ ಬಂದ ಎಷ್ಟೋ ಮಕ್ಕಳ ಕೈಕೆಲಸ ಬಹಳ ಚೊಕ್ಕ, ಬೆಸುಗೆ ಹಾಕೋದು, ಅಳೆಯೋದು ಎಲ್ಲಾ ಇಂಜಿನಿಯರುಗಳಿಗಿಂತ ಚೆನ್ನಾಗಿ ಮಾಡ್ತಾರೆ. ಅವರು ಸಿಕ್ಕಿಹಾಕ್ಕೊಳ್ಳೋದು ಓದೋದರಲ್ಲಿ. ಆ ಬ್ಲೂ ಪಿಲ್ ಚಿಪ್ಪಿನ ರೆಫರೆನ್ಸ್ ಮ್ಯಾನ್ಯುಯಲ್ಲೇ ಸಾವಿರ ಪುಟ ಮೀರುತ್ತೆ, ಎಲ್ಲಾ ಇಂಗ್ಲಿಷು, ಡಿಬಗ್ ಅಧ್ಯಾಯ ಇರೋದು ಕೊನೇ ಕಡೆಗೆ. ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಮೊಬೈಲಿಗೆ ಎಷ್ಟು ಮೆಗಾಪಿಕ್ಸೆಲ್ ಕ್ಯಾಮೆರಾ ಅಂತ ವಾರವಾರ ಬರೀತೀರ, ಒಂದ್ಸಲ ಆ ಜಾಗದಲ್ಲಿ ಎಸ್‌ಡಬ್ಲ್ಯುಡಿ ವೈರು ಎಲ್ಲಿಂದ ಎಲ್ಲಿಗೆ ಹೋಗ್ಬೇಕು ಅಂತ ಒಂದು ಚಿತ್ರ ಹಾಕಿ ಕನ್ನಡದಲ್ಲಿ ವಿವರ ಕೊಟ್ರೆ ಎಷ್ಟೋ ಹುಡುಗ್ರು ಕತ್ತರಿಸಿ ಇಟ್ಕೋತಾರೆ. ಐಐಟಿ ಮದ್ರಾಸಿನ ಶಕ್ತಿ, ಸರ್ಕಾರಿ ಸಂಸ್ಥೆ ಸಿಡ್ಯಾಕಿನ ವೇಗ ಅಂತ ನಮ್ಮದೇ ಪ್ರೊಸೆಸರುಗಳು ಬಂದಿವೆ ಅಂತ ಹೆಮ್ಮೆಯಿಂದ ಬರೀತೀವಲ್ಲ, ಅವು ರಿಸ್ಕ್-ಫೈವ್ ಅನ್ನೋ ಮುಕ್ತ ಪ್ರೊಸೆಸರ್ ವಿನ್ಯಾಸದ ಮೇಲೆ ಕಟ್ಟಿದವು, ರಿಸ್ಕ್-ಫೈವಿಗೂ ಡಿಬಗ್ ಸ್ಪೆಸಿಫಿಕೇಶನ್ ಇದೆ, ಅದೇ ಜೆಟ್ಯಾಗು ಅದೇ ಓಪನ್‌ಓಸಿಡಿ ಅದೇ ಜಿಡಿಬಿ ಅಲ್ಲೂ ನಡೆಯುತ್ತೆ. ಚಿಪ್ ಬಂದ್ಮೇಲೆ ಅದಕ್ಕೆ ಪ್ರೋಬ್ ಹಾಕೋಕೆ ಜನ ಬೇಕಲ್ಲ.

ಕೊನೇದಾಗಿ ಕಾಲೇಜಿನ ಖರೀದಿ ಸಮಿತಿಯವರಿಗೆ ಒಂದು ಮಾತು. ಟ್ರೈನರ್ ಕಿಟ್ಟಿಗೆ ಟೆಂಡರ್ ಕರೆಯೋವಾಗ ಎಷ್ಟು ಎಲ್‌ಇಡಿ ಎಷ್ಟು ರಿಲೇ ಅಂತ ಪಟ್ಟಿ ಬರೀತೀರ, ಅದರ ಜೊತೆ ಡಿಬಗ್ ಕನೆಕ್ಟರ್, ಹತ್ತು ಪಿನ್ನಿಂದಾಗ್ಲಿ ಇಪ್ಪತ್ತು ಪಿನ್ನಿಂದಾಗ್ಲಿ, ರಿಸೆಟ್ ಮತ್ತೆ ವಿಟಿರೆಫ್ ಸಮೇತ ಹೊರಗೆ ತಂದಿರಬೇಕು, ಪಿನ್ನಿನ ಹೆಸರು ಬೋರ್ಡ್ ಮೇಲೆ ಪ್ರಿಂಟ್ ಆಗಿರಬೇಕು ಅಂತ ಒಂದು ಸಾಲು ಸೇರಿಸಿ. ಸಪ್ಲೈ ಮಾಡೋರು ದರ ಜಾಸ್ತಿ ಆಗುತ್ತೆ ಅಂದ್ರೆ ನಂಬ್ಬೇಡಿ, ಆ ಕನೆಕ್ಟರಿನ ಬೆಲೆ ಒಂದು ರಿಲೇಗಿಂತ ಕಮ್ಮಿ.

ಇಂತಿ,
ಎಂಬೆಡೆಡ್ ಕೆಲಸದ ಒಬ್ಬ ಓದುಗ
ಪೀಣ್ಯ, ಬೆಂಗಳೂರು